ಅಮೆರಿಕದಲ್ಲಿ ಮೂರನೇ ಪಕ್ಷ ಯಾಕೆ ತಲೆ ಎತ್ತುವುದಿಲ್ಲ?

ಹೇಮಾವತಿ ದಂಡೆ:
2025ರ ಜುಲೈನಲ್ಲಿ ಈಲಾನ್ ಮಸ್ಕ್ ‘ಅಮೆರಿಕ ಪಾರ್ಟಿ’ ಘೋಷಿಸಿದರು. ಮೇಲ್ಮನೆ ಸೆನೆಟ್‌ನಲ್ಲಿ ಎರಡು-ಮೂರು ಸ್ಥಾನ, ಕೆಳಮನೆ ಹೌಸ್‌ನಲ್ಲಿ ಎಂಟು-ಹತ್ತು ಕ್ಷೇತ್ರ ಹಿಡಿದರೆ ಎರಡೂ ಪಕ್ಷಗಳ ಜುಟ್ಟು ಕೈಗೆ ಬರುತ್ತದೆ ಅನ್ನೋ ಲೆಕ್ಕ. ಸ್ವಲ್ಪ ದಿನಕ್ಕೇ ಸದ್ದಡಗಿತು. ಅಷ್ಟು ದುಡ್ಡಿರುವವರಿಗೇ ಆಗದ್ದು ಇನ್ಯಾರಿಗಾದರೂ ಆದೀತೇ? ಆಮ್ ಆದ್ಮಿ ಪಕ್ಷ 2013ರ ಮೊದಲ ಚುನಾವಣೆಯಲ್ಲೇ ದಿಲ್ಲಿಯ 70ರಲ್ಲಿ 28 ಗೆದ್ದಿತ್ತಲ್ಲ?

ಮತಎಣಿಕೆ ಮೇಷ್ಟ್ರು:
ಮಸ್ಕ್ ಲೆಕ್ಕದಲ್ಲಿ ತಪ್ಪಿಲ್ಲ. ಮತ ಎಷ್ಟು ಬಂತು ಅನ್ನುವುದಕ್ಕಿಂತ ಎಲ್ಲಿ ಬಂತು ಅನ್ನುವುದೇ ಅಲ್ಲಿ ಮುಖ್ಯ. 1948ರ ಅಧ್ಯಕ್ಷೀಯ ಚುನಾವಣೆ ನೋಡಿ. ಎರಡು ಮುಖ್ಯ ಪಕ್ಷಗಳ ಹೊರಗೆ ನಿಂತಿದ್ದ ಸ್ಟ್ರಾಮ್ ಥರ್ಮಂಡ್, ಹೆನ್ರಿ ವ್ಯಾಲೇಸ್ ಇಬ್ಬರಿಗೂ ಸಿಕ್ಕಿದ್ದು ತಲಾ ಶೇ 2.4 ಮತ. ದಕ್ಷಿಣದ ನಾಲ್ಕೈದು ರಾಜ್ಯಗಳಲ್ಲಷ್ಟೇ ಬೇರಿದ್ದ ಥರ್ಮಂಡ್‌ಗೆ 39 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿದ ಮತ, ಸಾಮಾನ್ಯವಾಗಿ ರಾಜ್ಯದಲ್ಲಿ ಗೆದ್ದವರಿಗೇ ಅಷ್ಟೂ), ದೇಶದ ತುಂಬ ಚೆಲ್ಲಿಹೋದ ವ್ಯಾಲೇಸ್‌ಗೆ ಸೊನ್ನೆ. 1992ರಲ್ಲಿ ಪಕ್ಷೇತರರಾಗಿ ನಿಂತ ಉದ್ಯಮಿ ರಾಸ್ ಪೆರೋ ಶೇ 18.9, ಅಂದರೆ ಸುಮಾರು 1.97 ಕೋಟಿ ಮತ ತಗೊಂಡರೂ ಅದೇ ಸೊನ್ನೆ.

ಬ್ರಿಟನ್‌ನಲ್ಲೂ ಹೀಗೇ. 2024ರಲ್ಲಿ ರಿಫಾರ್ಮ್ ಪಕ್ಷಕ್ಕೆ ಶೇ 14.3 ಮತ, 5 ಸ್ಥಾನ. ಅದಕ್ಕಿಂತ ಕಡಿಮೆ, ಶೇ 12.2 ಪಡೆದ ಲಿಬರಲ್ ಡೆಮಾಕ್ರಟರಿಗೆ 72. ಹಳೇ ಮೈಸೂರು ಭಾಗ ಬಿಟ್ಟು ಲೆಕ್ಕ ಹಾಕಿದರೆ ಜೆಡಿಎಸ್ ಕಥೆಯೂ ಅಷ್ಟೇ ಅಲ್ಲವೇ.

ಬಯಲುಸೀಮೆ:
ಮೇಷ್ಟ್ರೇ, ಮತ ಬೀಳೋದು ಆಮೇಲಿನ ಮಾತು. ಮೊದಲು ಮತಪತ್ರದಲ್ಲಿ ಹೆಸರು ಬರಬೇಕಲ್ಲ! ನಮ್ಮಲ್ಲಿ ಮಾನ್ಯತೆ ಇಲ್ಲದ ಪಕ್ಷದಿಂದ ಲೋಕಸಭೆಗೆ ನಿಲ್ಲಬೇಕಾದರೆ ಹತ್ತು ಸೂಚಕರು, 25,000 ರೂಪಾಯಿ ಠೇವಣಿ. ದೇಶಕ್ಕೆಲ್ಲ ಒಂದೇ ನಿಯಮ, ಒಂದೇ ಆಯೋಗ. ಅಲ್ಲಿ 50 ರಾಜ್ಯ, 50 ಥರ. ಜಾರ್ಜಿಯಾದಲ್ಲಿ ಹೌಸ್‌ಗೆ ನಿಲ್ಲುವ ಮೂರನೇ ಪಕ್ಷದವನು ಕ್ಷೇತ್ರದ ನೋಂದಾಯಿತ ಮತದಾರರಲ್ಲಿ ಶೇ 5ರಷ್ಟು ಜನರ ಸಹಿ ತರಬೇಕು. 1943ರಲ್ಲಿ ಬಂದ ನಿಯಮ. ಇಲ್ಲಿಯವರೆಗೆ ಮೂರನೇ ಪಕ್ಷದ ಒಬ್ಬರೂ ಅದನ್ನು ದಾಟಿಲ್ಲ.

ನ್ಯೂಯಾರ್ಕ್‌ನಲ್ಲಿ ರಾಜ್ಯಮಟ್ಟದ ಸ್ಥಾನಕ್ಕೆ 15,000 ಸಹಿ ಸಾಕಿತ್ತು. 2020ರಲ್ಲಿ ಅದನ್ನು 45,000ಕ್ಕೆ ಏರಿಸಿದರು, ಅದೂ ಆರೇ ವಾರದಲ್ಲಿ. ಜೊತೆಗೆ ರಾಜ್ಯದ ಹೌಸ್ ಕ್ಷೇತ್ರಗಳಲ್ಲಿ ಅರ್ಧದಷ್ಟು ಕಡೆಯಿಂದಾದರೂ ತಲಾ 500 ಸಹಿ ಇರಬೇಕು. 2024ರಲ್ಲಿ ಅಲ್ಲಿನ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಅಚ್ಚಾಗಿದ್ದು ಹ್ಯಾರಿಸ್, ಟ್ರಂಪ್ ಎರಡೇ ಹೆಸರು.

ಇನ್ನು 45,000 ಬೇಕೆಂದರೆ 45,000 ತಂದು ಕೂತರೆ ಆಗಲ್ಲ. ಒಂದೂವರೆ ಪಟ್ಟಾದರೂ ಬೇಕು. ವಿಳಾಸ ನೋಂದಣಿಗೆ ತಾಳೆಯಾಗದಿದ್ದರೆ ಸಹಿ ಹೋಯಿತು. ಬೇರೆ ಅಭ್ಯರ್ಥಿಯ ಅರ್ಜಿಗೆ ಮೊದಲೇ ಸಹಿ ಹಾಕಿದ್ದರೆ ಹೋಯಿತು. ಸಹಿ ಹಾಕಿಸಿದ ಸಾಕ್ಷಿಯ ಹೇಳಿಕೆಯಲ್ಲಿ ತಪ್ಪಿದ್ದರೆ ಇಡೀ ಹಾಳೆಯೇ ಹೋಗಬಹುದು. ಎದುರು ಪಕ್ಷದ ವಕೀಲರು ಒಂದೊಂದೇ ಸಾಲು ಹಿಡಿದು ತಕರಾರು ಹಾಕುತ್ತಾರೆ. ಪ್ರಚಾರಕ್ಕೆ ಇಟ್ಟ ಹಣ ಸಹಿ ತರುವ ಕೂಲಿಗೂ ಕೋರ್ಟಿಗೂ ಕರಗುತ್ತದೆ.

ಹೇಮಾವತಿ ದಂಡೆ:
ಕೂಲಿ, ಕೋರ್ಟು ಮಸ್ಕ್‌ಗೆ ಯಾವ ಲೆಕ್ಕ?

ನ್ಯೂಜೆರ್ಸಿ ಕನ್ನಡಿಗ:
ಅಲ್ಲೇ ಇರೋದು ತೊಡಕು. ರಾಷ್ಟ್ರೀಯ ಪಕ್ಷ ಸಮಿತಿಯ ಮುಖ್ಯ ಖಾತೆಗೆ ಒಬ್ಬ ವ್ಯಕ್ತಿ ವರ್ಷಕ್ಕೆ ಕೊಡಬಹುದಾದ್ದು 44,300 ಡಾಲರ್ ಮಾತ್ರ (2025ರ ಮಿತಿ). ಪಕ್ಷದ ಹೊರಗಿದ್ದು ಚುನಾವಣೆಗೆ ಖರ್ಚು ಮಾಡುವ ಸಮಿತಿ, ಅಂದರೆ ಸೂಪರ್ ಪ್ಯಾಕ್‌ಗೆ ಮಿತಿ ಇಲ್ಲ, ಆದರೆ ಅದು ಅಭ್ಯರ್ಥಿಯ ಜೊತೆ ಕೂತು ಖರ್ಚು ಯೋಜಿಸುವಂತಿಲ್ಲ. ಸ್ವಂತ ಹಣ ಮಿತಿಯಿಲ್ಲದೆ ಸುರಿಯುವ ಹಕ್ಕು ಇರುವುದು ಅಭ್ಯರ್ಥಿಗೆ. ಪೆರೋ ಮಾಡಿದ್ದು ಅದನ್ನೇ. ಮಸ್ಕ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತೆಯೇ ಇಲ್ಲ.

ಕರಿಹಲಗೆ:
ಎಲ್ಲರೂ ಆಗಲ್ಲ ಅಂತಲೇ ಹೇಳ್ತಿದ್ದೀರಿ. ರಿಪಬ್ಲಿಕನ್ನರೇ 1854ರಲ್ಲಿ ಹುಟ್ಟಿದ ಹೊಸ ಪಕ್ಷ. ಆರೇ ವರ್ಷಕ್ಕೆ ಲಿಂಕನ್ ಶೇ 40ಕ್ಕೂ ಕಡಿಮೆ ಮತದಲ್ಲಿ ಅಧ್ಯಕ್ಷರಾದರು.

ಬಯಲುಸೀಮೆ:
ಆಗ ಸರ್ಕಾರ ಮತಪತ್ರ ಅಚ್ಚು ಹಾಕಿಸುತ್ತಿರಲಿಲ್ಲ ಸ್ವಾಮಿ. ಪಕ್ಷಗಳೇ ಚೀಟಿ ಮುದ್ರಿಸಿ ಹಂಚುತ್ತಿದ್ದವು. ಸರ್ಕಾರಿ ಮತಪತ್ರ 1888ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಶುರುವಾಗಿ ಹಬ್ಬಿತು. ಗುಟ್ಟಾಗಿ ಮತ ಹಾಕುವಂತಾಯಿತು, ಒಳ್ಳೆಯದೇ. ಆದರೆ ಅದರಲ್ಲಿ ಯಾರ ಹೆಸರಿರಬೇಕು ಅನ್ನುವುದು ಶಾಸನಸಭೆಯ ಕೈಗೆ, ಅಂದರೆ ಆ ಎರಡು ಪಕ್ಷಗಳ ಕೈಗೆ ಹೋಯಿತು. ಮೇಲಾಗಿ ಆಗಿನ ಎರಡು ದೊಡ್ಡ ಪಕ್ಷಗಳಲ್ಲಿ ಒಂದಾಗಿದ್ದ ವಿಗ್ ಪಕ್ಷ ಗುಲಾಮಗಿರಿ ಪ್ರಶ್ನೆಯಲ್ಲಿ ತಾನಾಗಿಯೇ ಒಡೆದಿತ್ತು. ಖಾಲಿಯಾದ ಮನೆಗೆ ರಿಪಬ್ಲಿಕನ್ನರು ಬಂದರು.

ಕರಿಹಲಗೆ:
ಇದು ಒಪ್ಪಿದೆ. ಹಾಗಾದರೆ ಮತದಾನದ ಪದ್ಧತಿಯನ್ನೇ ಬದಲಿಸಿದರೆ? 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾದಲ್ಲಿ ರಿಪಬ್ಲಿಕನ್ ಬುಷ್ ಡೆಮಾಕ್ರಟ್ ಗೋರ್ ವಿರುದ್ಧ ಗೆದ್ದದ್ದು 537 ಮತದಿಂದ, ಗ್ರೀನ್ ಪಕ್ಷದ ನೇಡರ್ ತಗೊಂಡದ್ದು 97,488. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಹಾಗೆ ಅಭ್ಯರ್ಥಿಗಳಿಗೆ 1, 2, 3 ಅಂತ ಕ್ರಮ ಕೊಡುವ ಪ್ರಾಶಸ್ತ್ಯದ ಮತ ಇದ್ದಿದ್ದರೆ ನೇಡರ್‌ಗೆ ಬಿದ್ದ ಮತ ಎರಡನೇ ಪ್ರಾಶಸ್ತ್ಯಕ್ಕೆ ಹೋಗುತ್ತಿತ್ತು, ಮತ ಒಡೆದ ಅಂತ ಅವರನ್ನು ಯಾರೂ ಬೈಯುತ್ತಿರಲಿಲ್ಲ.

ಮತಎಣಿಕೆ ಮೇಷ್ಟ್ರು:
ಬೈಗುಳ ತಪ್ಪುತ್ತದೆ, ಸೀಟು ಸಿಗುವುದಿಲ್ಲ. ಮೇನ್ ರಾಜ್ಯದಲ್ಲಿ ಈ ಪದ್ಧತಿ ಇದೆ. 2018ರಲ್ಲಿ ಅಲ್ಲಿನ ಎರಡನೇ ಹೌಸ್ ಕ್ಷೇತ್ರದ ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಪೊಲಿಕ್ವಿನ್ ಸುಮಾರು 2,000 ಮತ ಮುಂದಿದ್ದರು. ಇಬ್ಬರು ಪಕ್ಷೇತರರ ಮತ ವರ್ಗಾವಣೆಯಾದ ಮೇಲೆ ಗೆದ್ದದ್ದು ಡೆಮಾಕ್ರಟ್ ಗೋಲ್ಡನ್. ಕ್ಷೇತ್ರಕ್ಕೆ ಒಬ್ಬನೇ ಗೆಲ್ಲುವ ತನಕ ಶೇ 10-15ರ ಪಕ್ಷ ಹೊರಗೇ. ಒಂದು ಕ್ಷೇತ್ರದಿಂದ ನಾಲ್ಕೈದು ಜನ ಆರಿಸಿ ಬರುವಂತಾಗಬೇಕು. ಅದಕ್ಕೆ ಹೌಸ್‌ಗೆ ಏಕಸದಸ್ಯ ಕ್ಷೇತ್ರ ಕಡ್ಡಾಯ ಮಾಡಿದ 1967ರ ಕಾಯ್ದೆ ತಿದ್ದಬೇಕು, ಸಂವಿಧಾನ ಮುಟ್ಟಬೇಕಿಲ್ಲ. ತಿದ್ದಬೇಕಾದವರು ಯಾರು ಅಂತ ಮತ್ತೆ ಕೇಳಬೇಡಿ.

ನ್ಯೂಜೆರ್ಸಿ ಕನ್ನಡಿಗ:
ಇರುವ ಪದ್ಧತಿ ಕೂಡ ಭದ್ರವಿಲ್ಲ. ಅಲಾಸ್ಕಾದಲ್ಲಿ 2024ರಲ್ಲಿ ಪ್ರಾಶಸ್ತ್ಯದ ಮತ ರದ್ದು ಮಾಡುವ ಪ್ರಸ್ತಾವ ಬಿದ್ದುಹೋದದ್ದು ಏಳುನೂರು ಚಿಲ್ಲರೆ ಮತಗಳಿಂದ. ಅದೇ ದಿನ ಮಿಸೌರಿಯ ಮತದಾರರು ಅದನ್ನು ನಿಷೇಧಿಸಿದರು.

ದಿಲ್ಲಿ ಹೋಲಿಕೆಗೆ ಉತ್ತರ ಬಾಕಿ ಇದೆ. 28 ಗೆದ್ದ ಕೇಜ್ರಿವಾಲ್ ಕಾಂಗ್ರೆಸ್ಸಿನ 8 ಶಾಸಕರ ಬೆಂಬಲದಿಂದ ಮುಖ್ಯಮಂತ್ರಿಯಾದರು. ಅಮೆರಿಕದ ಅಧ್ಯಕ್ಷ ಪದವಿಯಲ್ಲಿ ಸಮ್ಮಿಶ್ರಕ್ಕೆ ಜಾಗವಿಲ್ಲ. ಯಾರಿಗೂ 270 ಎಲೆಕ್ಟೋರಲ್ ಮತ ಬರದಿದ್ದರೆ ಹೌಸ್ ಆರಿಸುತ್ತದೆ, ರಾಜ್ಯಕ್ಕೊಂದೇ ಮತ, 26 ಬೇಕು. ಅಲ್ಲಿ ಮೂರನೆಯವರ ಪರ ಕೂತವರು ಯಾರು?

ಹೇಮಾವತಿ ದಂಡೆ:
ಸರಿ, ಹಾಗಿದ್ದರೆ ಪಕ್ಷೇತರ ಸೆನೆಟರ್ ಬರ್ನಿ ಸ್ಯಾಂಡರ್ಸ್ ಗೆದ್ದದ್ದು ಹೇಗೆ?

ಬಯಲುಸೀಮೆ:
1981ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರದ ಮೇಯರ್ ಆದದ್ದು 10 ಮತದ ಅಂತರದಲ್ಲಿ, ಪಕ್ಷೇತರರಾಗಿ. ವರ್ಮಾಂಟ್‌ನ ಪ್ರೋಗ್ರೆಸಿವ್ ಪಕ್ಷ ಬೆಳೆದದ್ದು ಆ ಊರಿನ ರಾಜಕಾರಣದಿಂದಲೇ. ಅದೇ ಸ್ಯಾಂಡರ್ಸ್ 2016, 2020ರಲ್ಲಿ ಶ್ವೇತಭವನಕ್ಕೆ ಪ್ರಯತ್ನಿಸಿದ್ದು ಡೆಮಾಕ್ರಟಿಕ್ ಪ್ರೈಮರಿಯ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಒಳಚುನಾವಣೆಯ ಮೂಲಕ. ಹೊರಗಿನವನೂ ಪ್ರೈಮರಿಯಲ್ಲಿ ನಿಂತು ಹಳೇ ಪಕ್ಷವನ್ನೇ ಹಿಡಿಯಬಹುದಾದರೆ 50 ರಾಜ್ಯದಲ್ಲಿ ಸಹಿ ಹೊರುವವರು ಯಾರು? ಟ್ರಂಪ್ ಕೂಡ 1999ರಲ್ಲಿ ಪೆರೋ ಕಟ್ಟಿದ ರಿಫಾರ್ಮ್ ಪಕ್ಷದ ಟಿಕೆಟ್‌ಗೆ ಹೊರಟು, ಮರುವರ್ಷ ಫೆಬ್ರವರಿಯಲ್ಲಿ ಕೈಬಿಟ್ಟರು. 2016ರಲ್ಲಿ ಅವರು ಯಾವ ಬಾಗಿಲಿಂದ ಬಂದರು ಅಂತ ಗೊತ್ತೇ ಇದೆ.