ಸಹಾಯ ಬೇಕು: ಟಾಸ್ಕು ಒಂದ್ಕಡೆ ಫೈಲು ಇನ್ನೊಂದ್ಕಡೆ, ನೋಷನ್‌ಗೆ ಎಲ್ಲಾ ತರೋದು ಹೆಂಗೆ?

ನಮಸ್ಕಾರ ಎಲ್ರಿಗೂ. ಮೈಸೂರಲ್ಲಿ ನಮ್ದೊಂದು ಸಣ್ಣ ಇಂಟೀರಿಯರ್ ಟೀಮು. ಯಾವ ಸೈಟಲ್ಲಿ ಏನ್ ಕೆಲ್ಸ ಬಾಕಿ ಅನ್ನೋದು ಟ್ರೆಲೋದಲ್ಲಿ (ಕೆಲ್ಸಕ್ಕೊಂದು ಕಾರ್ಡ್ ಮಾಡಿ ಬೋರ್ಡಲ್ಲಿ ಇಡೋ ಆ್ಯಪ್), ಡ್ರಾಯಿಂಗು ಕೊಟೇಶನ್ನು ಗೂಗಲ್ ಡ್ರೈವಲ್ಲಿ, ಕ್ಲೈಂಟ್ ಓಕೆ ಅಂದಿದ್ದು ಮಾತ್ರ ವಾಟ್ಸಾಪಲ್ಲಿ. ಕಾರ್ಪೆಂಟರ್ ಫೋನ್ ಮಾಡಿ ಯಾವ ಡ್ರಾಯಿಂಗ್ ನೋಡ್ಲಿ ಸಾರ್ ಅಂದ್ರೆ ಡ್ರೈವಲ್ಲಿ "ಕಿಚನ್ ಫೈನಲ್", "ಕಿಚನ್ ಫೈನಲ್ ಹೊಸದು", "ಕಿಚನ್ ಫೈನಲ್ ಇದೇ" ಅಂತ ಮೂರು ಪಿಡಿಎಫ್ ಕೂತಿರುತ್ತೆ 😅

ಎಲ್ಲಾ ಒಂದೇ ಕಡೆ ಇರ್ಲಿ ಅಂತ, ನೋಟ್ಸು ಟಾಸ್ಕು ಒಟ್ಟಿಗೆ ಇಡೋ ಆ್ಯಪ್ ಆದ ನೋಷನ್‌ಗೆ ಟ್ರೆಲೋ ಬೋರ್ಡ್ ಇಂಪೋರ್ಟ್ ಮಾಡ್ದೆ, ಕಾರ್ಡೆಲ್ಲಾ ಬಂತು, ಅಲ್ಲೀವರೆಗೂ ಸರಿ. ಫ್ರೀ ಪ್ಲಾನಲ್ಲಿ ಒಂದು ಫೈಲು 5 ಎಂಬಿ ಮೀರೋ ಹಾಗಿಲ್ಲ, ನಮ್ಮ ಡ್ರಾಯಿಂಗೆಲ್ಲಾ ಅದಕ್ಕಿಂತ ದೊಡ್ಡದು, ಅದಕ್ಕೇ ಪ್ರತಿ ಟಾಸ್ಕಿಗೂ ಡ್ರೈವ್ ಲಿಂಕ್ ಹಾಕ್ದೆ. ಈಗ ಸೂಪರ್‌ವೈಸರ್‌ಗೆ ಪೇಜ್ ಕಾಣುತ್ತೆ, ಆದ್ರೆ ಲಿಂಕ್ ಒತ್ತಿದ್ರೆ ಡ್ರೈವ್ ಪರ್ಮಿಶನ್ ಕೇಳುತ್ತೆ. ಲಿಂಕ್ ಇರೋರೆಲ್ಲಾ ನೋಡ್ಬಹುದು ಅಂತ ಇಟ್ರೆ ರೇಟಿರೋ ಕೊಟೇಶನ್ ಯಾರ್ ಕೈಗೆ ಹೋಗುತ್ತೋ ದೇವರಿಗೇ ಗೊತ್ತು. ಡ್ರೈವಲ್ಲಿ ಅದೇ ಫೈಲಿಗೆ ಹೊಸ ವರ್ಷನ್ ಹಾಕಿದ್ರೆ ಲಿಂಕ್ ಬದಲಾಗಲ್ಲ, ಅದೊಂದು ಅನುಕೂಲ ಬಿಡೋಕೂ ಮನಸ್ಸಿಲ್ಲ. ಇನ್ನೊಂದು, "ಮೈ ಡ್ರೈವ್" (ಗೂಗಲ್ ಡ್ರೈವಲ್ಲಿ ಒಬ್ಬೊಬ್ಬರ ಸ್ವಂತ ಜಾಗ) ಅಲ್ಲಿ ಯಾರು ಅಪ್ಲೋಡ್ ಮಾಡಿದ್ರೋ ಫೈಲು ಅವರದ್ದೇ ಆಗಿರುತ್ತೆ, ನಾಳೆ ಹುಡುಗ ಕೆಲ್ಸ ಬಿಟ್ರೆ?

ನನ್ ಪ್ರಶ್ನೆ ಇಷ್ಟೇ: ಡ್ರಾಯಿಂಗ್‌ಗೊಂದು ರೇಟಿಗೊಂದು ಫೋಲ್ಡರ್ ಬೇರೆ ಮಾಡಿ, ಫೋಲ್ಡರ್‌ಗೇ ಪರ್ಮಿಶನ್ ಕೊಟ್ಟು ಲಿಂಕಲ್ಲೇ ಮುಂದುವರೀಲಾ, ಇಲ್ಲಾ ನೋಷನ್ ಪೇಯ್ಡ್ ಪ್ಲಾನ್ ತಗೊಂಡು ಫೈಲನ್ನೂ ಅಲ್ಲೇ ಹಾಕ್ಲಾ? ಸಣ್ಣ ಟೀಮಲ್ಲಿ ಎರಡರಲ್ಲಿ ಒಂದನ್ನಾದ್ರೂ ಓಡಿಸಿ ನೋಡಿರೋರು ಹೇಳಿ ಪ್ಲೀಸ್.