ದಾಂಡೇಲಿ ಮಂಗಟ್ಟೆಗಳು: ಹಾರುವಾಗ ಗುರುತಿಸುವುದು ಹೇಗೆ? ಗೂಡಿನ ಫೋಟೋ ತೆಗೆಯಬಹುದೇ?

ಕಾಳಿತೀರ:
ಮಾರ್ಚ್‌ನಲ್ಲಿ ದಾಂಡೇಲಿಗೆ ಹೊರಟಿದ್ದೇವೆ. ಅಲ್ಲಿನ ಕಪ್ಪು-ಬಿಳುಪು ಮಂಗಟ್ಟೆಗಳೆರಡೂ (ಗ್ರೇಟ್ ಹಾರ್ನ್‌ಬಿಲ್, ಮಲಬಾರ್ ಪೈಡ್ ಹಾರ್ನ್‌ಬಿಲ್) ಹಾರುವಾಗ ಒಂದೇ ಥರ ಕಾಣುತ್ತವೆ. ದೂರದಿಂದ ಗುರುತಿಸುವುದು ಹೇಗೆ? ಆಗ ಗೂಡಿನ ಕಾಲವಂತೆ, ಫೋಟೋ ತೆಗೆಯಬಹುದೇ?

ಗರಿಗುರುತು:
ಕೊಕ್ಕು ಬಿಡಿ, ರೆಕ್ಕೆ-ಬಾಲ ನೋಡಿ. ಗ್ರೇಟ್ ಹಾರ್ನ್‌ಬಿಲ್‌ನ ಕಪ್ಪು ರೆಕ್ಕೆಯ ನಡುವೆ ಅಗಲವಾದ ಬಿಳಿ ಪಟ್ಟಿ, ಬಿಳಿ ಬಾಲಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ. ಮಲಬಾರ್ ಪೈಡ್‌ಗೆ ರೆಕ್ಕೆಯ ಹಿಂಬದಿ ಅಂಚಷ್ಟೇ ಬಿಳಿ. ಬಾಲದ ನಡುಗರಿ ಕಪ್ಪು, ಪಕ್ಕದವು ಪೂರ್ತಿ ಬಿಳಿ. ಮೊದಲನೆಯದು ಸುಮಾರು 1 ಮೀಟರ್ ಉದ್ದ, ಎರಡನೆಯದು 65 ಸೆಂ.ಮೀ. ಆಸುಪಾಸು.

ಗ್ರೇಟ್‌ನ ಕುತ್ತಿಗೆಯ ಹಳದಿ ಬಾಲದ ಬುಡದ ಗ್ರಂಥಿಯ ಎಣ್ಣೆಯಿಂದ ಬಂದದ್ದು, ಹಕ್ಕಿಯೇ ಬಳಿದುಕೊಳ್ಳುತ್ತದೆ. ಆದ್ದರಿಂದ ಬಣ್ಣ ಮಾಸಲಾಗಿದ್ದರೆ ಬೇರೆ ಜಾತಿ ಎಂದುಕೊಳ್ಳಬೇಡಿ. ಹತ್ತಿರ ಕೂತರೆ ಕಣ್ಣು ನೋಡಿ: ಗಂಡಿನದು ಕೆಂಪು, ಹೆಣ್ಣಿನದು ಬಿಳಿ.

ಪೊಟರೆ:
ಗೂಡಿನ ಫೋಟೋ ದಯವಿಟ್ಟು ಬೇಡ. ಮಾರ್ಚ್‌ನಲ್ಲಿ ಹೆಣ್ಣು ಪೊಟರೆಯೊಳಗೆ ಇರುತ್ತದೆ. ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಯಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿರುತ್ತದೆ. ಒಳಗಿದ್ದಾಗಲೇ ರೆಕ್ಕೆ-ಬಾಲದ ಗರಿಗಳನ್ನೂ ಉದುರಿಸುವುದರಿಂದ ಹೊರಬಂದರೂ ಹಾರಲಾಗದು. ಊಟಕ್ಕೆ ಗಂಡೇ ಗತಿ. ಮರದಡಿ ಜನ ಕಂಡರೆ ಅದು ಹಣ್ಣು ಗಂಟಲಲ್ಲಿಟ್ಟುಕೊಂಡೇ ದೂರದ ಕೊಂಬೆಯಲ್ಲಿ ಕಾಯುತ್ತದೆ, ಇಲ್ಲವೇ ಹೊರಟುಹೋಗುತ್ತದೆ. ನೀವು ನಿಂತಷ್ಟು ಹೊತ್ತು ತಾಯಿ-ಮರಿಗೆ ಉಪವಾಸ.

ದೊಡ್ಡ ಮರದ ಬುಡದಲ್ಲಿ ಬೀಜ, ಹಿಕ್ಕೆ ರಾಶಿ ಬಿದ್ದಿದ್ದರೆ ಮೇಲೆ ಗೂಡಿರುವ ಸಾಧ್ಯತೆ ಹೆಚ್ಚು. ನಿಲ್ಲದೆ ಮುಂದೆ ನಡೆಯಿರಿ, ಜಾಗವನ್ನು ಆನ್‌ಲೈನ್‌ನಲ್ಲಿ ಹಾಕಬೇಡಿ. ಮಂಗಟ್ಟೆ ಮರಕುಟಿಗನಂತೆ ಪೊಟರೆ ಕೊರೆಯಲಾರದು. ಸಿಕ್ಕ ಒಳ್ಳೆಯ ಪೊಟರೆಗೇ ವರ್ಷವರ್ಷವೂ ಮರಳುತ್ತದೆ. ಒಂದು ಹಳೆಯ ಮರ ಹೋದರೆ ಒಂದು ಜೋಡಿಯ ಮನೆಯೇ ಹೋದಂತೆ.

ಬಸರಿಮರ:
ಫೋಟೋಗೆ ಹಣ್ಣಾದ ಆಲ, ಬಸರಿ, ಅತ್ತಿ ಹುಡುಕಿ. ಬೆಳಕು ಹರಿಯುವ ಮೊದಲೇ ಹೋಗಿ ದೂರದಲ್ಲಿ, ಮರೆಯಲ್ಲಿ ಕೂತುಬಿಡಿ. ಕಾಸರಕದ ಮರವನ್ನೂ ಬಿಡಬೇಡಿ, ಅದರ ತಿರುಳನ್ನು ಪೈಡ್ ತಿನ್ನುತ್ತದೆ. ಗ್ರೇಟ್ ಬರುವುದು ಮೊದಲು ಕಿವಿಗೇ ಗೊತ್ತಾಗುತ್ತದೆ: ರೆಕ್ಕೆಗರಿಗಳ ಬುಡದಲ್ಲಿ ಹೊದಿಕೆ ಗರಿ ಕಮ್ಮಿ, ಸಂದಿಯಲ್ಲಿ ಗಾಳಿ ನುಗ್ಗಿ ಉಸ್ ಉಸ್ ಎಂದು ಜೋರಾಗಿ ಸದ್ದಾಗುತ್ತದೆ. ಕ್ಯಾಮೆರಾ ಎತ್ತಲು ಅಷ್ಟು ಸಮಯ ಸಾಕು.

ಗರಿಗುರುತು:
ಕೊಕ್ಕಿನ ಮೇಲೆ ಕೊಂಬಿಲ್ಲದ, ಕರ್ಕಶವಾಗಿ ನಗುವಂತೆ ಕೂಗುವ ಬೂದು ಹಕ್ಕಿ ಕಂಡರೆ ಅದು ಮಲಬಾರ್ ಗ್ರೇ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ, ಅದಕ್ಕೂ ಸ್ವಲ್ಪ ಸಮಯ ಕೊಡಿ.