ಜಿಮ್‌ನಲ್ಲಿ ಕೋಚ್ ಹೇಳುವ ಪದಗಳು ಅರ್ಥವಾಗುತ್ತಿಲ್ಲ, ನೀವೆಲ್ಲ ಹೇಗೆ ಕಲಿತಿರಿ?

ಕೇಳಿದವರು, ಮೈಸೂರು ಸರಸ್ವತಿಪುರಂ

ನಮಸ್ಕಾರ. ನನಗೆ 41 ವರ್ಷ. ಡಾಕ್ಟರ್ ಹೇಳಿದರು ಅಂತ ಎರಡು ತಿಂಗಳ ಹಿಂದೆ ಜಿಮ್ ಸೇರಿದೆ. ಕೋಚ್ ಒಳ್ಳೆಯ ಹುಡುಗ. ಆದರೆ ‘ಹಿಪ್‌ನಿಂದ ಬಗ್ಗಿ, ಲ್ಯಾಟ್ಸ್ ಟೈಟ್ ಇರಲಿ, ಎಕ್ಸೆಂಟ್ರಿಕ್ ನಿಧಾನ’ ಎನ್ನುತ್ತಾನೆ. ನಾನು ತಲೆಯಾಡಿಸಿ, ಪಕ್ಕದವರನ್ನು ನೋಡಿಕೊಂಡು ಮಾಡುತ್ತೇನೆ. ಓದಿದ್ದು ಕನ್ನಡ ಮೀಡಿಯಂ. ಇದನ್ನೆಲ್ಲ ಎಲ್ಲಿಂದ ಶುರು ಮಾಡಿ ಕಲಿಯಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕುವೆಂಪುನಗರದಿಂದ, ಆರು ವರ್ಷದಿಂದ ಜಿಮ್‌ಗೆ ಹೋಗುವವನು

ಅಕ್ಕ, ಪಕ್ಕದವರನ್ನು ನೋಡಿ ಮಾಡುವುದನ್ನು ಇವತ್ತೇ ನಿಲ್ಲಿಸಿ. ನಾನು ಹಾಗೆ ಮಾಡಿಯೇ ಬೆನ್ನು ಕೆಡಿಸಿಕೊಂಡೆ.

ನನಗೂ ‘ಹಿಪ್‌ನಿಂದ ಬಗ್ಗಿ’ ಅಂದಿದ್ದರು. ಹಿಪ್ ಅಂದರೆ ಸೊಂಟ ಅಂದುಕೊಂಡೆ. ಆದರೆ ನಮ್ಮಲ್ಲಿ ಸೊಂಟ ಅಂದರೆ ಎಷ್ಟು ಜಾಗ ನೋಡಿ. ಉಡಿದಾರ ಕಟ್ಟುವುದೂ ಸೊಂಟ, ಬಿಂದಿಗೆ ಇಟ್ಟುಕೊಳ್ಳುವುದೂ ಸೊಂಟ, ನೋವು ಬಂದಾಗ ಕೈ ಹೋಗುವ ಬೆನ್ನಿನ ಕೆಳಭಾಗವೂ ಸೊಂಟವೇ. ನಾನು ಬಗ್ಗಿಸಿದ್ದು ಆ ಮೂರನೆಯದನ್ನು. ಕೈಯಲ್ಲಿ 40 ಕೆಜಿ ಬಾರ್ ಇತ್ತು. ಮೂರು ವಾರ ಬೈಕ್ ಹತ್ತಲು ಆಗಲಿಲ್ಲ.

ಕೋಚ್ ಹೇಳುವ ಹಿಪ್ ಇನ್ನೂ ಕೆಳಗಿದೆ. ತೊಡೆ ಮೂಳೆಯ ದುಂಡನೆಯ ತಲೆ ಒಂದು ಗುಳಿಯೊಳಗೆ ಕೂತಿರುತ್ತದಲ್ಲ, ಆ ಕೀಲು. ಈಗಲೇ ಎದ್ದು ನಿಂತು ನೋಡಿ. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಲ್ಲಿ. ಎರಡೂ ಅಂಗೈಗಳ ಅಂಚನ್ನು ತೊಡೆಸಂದಿಗೆ ಒತ್ತಿ ಹಿಡಿಯಿರಿ. ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕುಂಡಿಯನ್ನು ಹಿಂದಕ್ಕೆ ತಳ್ಳಿ ಗೋಡೆಗೆ ತಾಗಿಸಿ. ಕೈ ಆ ಮಡಿಕೆಯಲ್ಲಿ ಸಿಕ್ಕಿಕೊಂಡರೆ ನೀವು ಮಡಚಿದ್ದು ಸರಿಯಾದ ಕೀಲು. ಕೈ ಸಡಿಲವಾಗೇ ಇದ್ದು ಬೆನ್ನು ಗೂನಾದರೆ ತಪ್ಪು. ಬರಿಗೈಯಲ್ಲಿ ಇದು ಬರುವವರೆಗೆ ತೂಕ ಮುಟ್ಟಬೇಡಿ.

ಅವತ್ತಿನಿಂದ ನಾನು ಯಾವ ಹೊಸ ಪದ ಕೇಳಿದರೂ ಕೋಚ್‌ಗೆ ಎರಡೇ ಪ್ರಶ್ನೆ ಕೇಳುತ್ತೇನೆ. ಯಾವ ಕೀಲು ಮಡಚಬೇಕು? ಯಾವ ಜಾಗ ಗಟ್ಟಿಯಾಗಬೇಕು? ಆ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಪದದ ಅರ್ಥ ಹುಡುಕುವುದಕ್ಕಿಂತ ಇದು ನನಗೆ ಜಾಸ್ತಿ ಉಪಯೋಗಕ್ಕೆ ಬಂತು.

ಮಂಡ್ಯದಿಂದ, ಜೀವಶಾಸ್ತ್ರ ಪಾಠ ಮಾಡುವವಳು

ಹೆಸರುಗಳಿಗೆ ಹೆದರಬೇಡಿ. ನೋಡಿದ್ದನ್ನೇ ಹೆಸರಾಗಿ ಇಟ್ಟಿದ್ದಾರೆ. ‘ಸೆಪ್ಸ್’ ಬಂದಿರುವುದು ತಲೆ ಎನ್ನುವ ಲ್ಯಾಟಿನ್ ಪದದಿಂದ. ರಟ್ಟೆಯ ಮುಂದಿನ ಸ್ನಾಯು ಮೇಲ್ತುದಿಯಲ್ಲಿ ಎರಡಾಗಿ ಸೀಳಿದೆ, ಅದಕ್ಕೇ ಬೈಸೆಪ್ಸ್. ಹಿಂದಿನದು ಮೂರಾಗಿದೆ, ಟ್ರೈಸೆಪ್ಸ್. ತೊಡೆಯ ಮುಂಭಾಗದ್ದು ನಾಲ್ಕು, ಕ್ವಾಡ್ರಿಸೆಪ್ಸ್. ಭುಜದ ಮೇಲಿನ ಡೆಲ್ಟಾಯ್ಡ್ ಗ್ರೀಕರ ಡೆಲ್ಟಾ ಅಕ್ಷರದ ಹಾಗೆ ಮೂರು ಮೂಲೆ. ನಮ್ಮವರೂ ಹೀಗೇ ಹೆಸರಿಟ್ಟಿದ್ದಾರೆ ಅಲ್ವಾ? ಮೊಣಕಾಲ ಕೆಳಗೆ ಹಿಂದೆ ಇರುವುದನ್ನು ಮೀನಖಂಡ ಅಂತೀವಿ. ಹಿಮ್ಮಡಿ ಎತ್ತಿ ನಿಂತು ಅದನ್ನು ಮುಟ್ಟಿ ನೋಡಿ, ಮೀನಿನ ಆಕಾರ ಕೈಗೇ ಸಿಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಇಂಗ್ಲಿಷ್‌ನವರು ಶೋಲ್ಡರ್ ಅಂದು ಬಿಡುತ್ತಾರೆ. ನಮಗೆ ಭುಜ ಬೇರೆ, ಹೆಗಲು ಬೇರೆ. ಕಬ್ಬಿನ ಹೊರೆ ಹೊರುವುದು ಹೆಗಲ ಮೇಲೆ. ಕತ್ತಿಗೂ ಭುಜಕ್ಕೂ ನಡುವಿನ ಆ ದಪ್ಪ ಜಾಗವೇ ಜಿಮ್‌ನ ಟ್ರ್ಯಾಪ್ಸ್.

ಲ್ಯಾಟ್ಸ್ ಅಂದರೆ ಬೆನ್ನಿನ ಅಗಲವಾದ ಸ್ನಾಯು. ಸೊಂಟದ ಹಿಂದಿನಿಂದ ಹೊರಟು ಕಂಕುಳ ಕೆಳಗೆ ಹಾದು ತೋಳಿನ ಮೂಳೆಗೆ ಸೇರುತ್ತದೆ. ಕಂಕುಳಲ್ಲಿ ಒಂದು ಟವೆಲ್ ಮಡಚಿಟ್ಟು, ಬೀಳದ ಹಾಗೆ ಅವುಚಿ ಹಿಡಿಯಿರಿ. ಆಗ ಕಂಕುಳ ಹಿಂದೆ ಗಟ್ಟಿಯಾಗುತ್ತದಲ್ಲ, ‘ಲ್ಯಾಟ್ಸ್ ಟೈಟ್’ ಅಂದರೆ ಅದು.

ಜೆ.ಪಿ. ನಗರ, ಮೈಸೂರು

ಎಕ್ಸೆಂಟ್ರಿಕ್ ನನಗೆ ಅರ್ಥವಾಗಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಆರಾಮ ಅನ್ನಿಸುತ್ತದೆ. ಆದರೆ ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೇ ಜಾಸ್ತಿ. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಮೈ ಎತ್ತುತ್ತದೆ, ಅದು ಕಾನ್ಸೆಂಟ್ರಿಕ್. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ ಮೈಯನ್ನು ತಡೆದು ಇಳಿಸುತ್ತದೆ, ಅದು ಎಕ್ಸೆಂಟ್ರಿಕ್. ಡಂಬೆಲ್‌ನಲ್ಲೂ ಅಷ್ಟೇ. ಎತ್ತಿದ್ದನ್ನು ಧೊಪ್ಪನೆ ಬಿಡದೆ ಎರಡು ಮೂರು ಎಣಿಸುತ್ತಾ ಇಳಿಸಿ. ಒಂದರಿಂದ ಮೂರು ದಿನದೊಳಗೆ ಬರುವ ಆ ಮೈಕೈ ನೋವಿಗೆ ಡಾಮ್ಸ್ ಅಂತಾರೆ. ತಾನಾಗೇ ಹೋಗುತ್ತದೆ.

ಮಂಡ್ಯ, ಗರಡಿಯಲ್ಲಿ ಸಾಮು ಮಾಡಿದವನು

ನಮಗೆ ಬಸ್ಕಿ ಹೊಡೆದು ಅಭ್ಯಾಸ. ಜಿಮ್‌ನಲ್ಲಿ ಸ್ಕ್ವಾಟ್ ಅಂದಾಗ ಅದೂ ಬಸ್ಕಿಯೇ ಅಂದುಕೊಂಡು ಬಾರ್ ಹೊತ್ತೆ. ಬಸ್ಕಿಯಲ್ಲಿ ನಾವು ಹಿಮ್ಮಡಿ ಎತ್ತಿ ಸರಸರ ಕೂತು ಏಳುತ್ತೇವೆ. ಬಾರ್ ಹೊತ್ತಾಗ ಹಿಮ್ಮಡಿ ನೆಲ ಬಿಡಬಾರದು. ಹೋಲಿಕೆ ಇದೆ ಅಂತ ಎರಡನ್ನೂ ಒಂದೇ ಮಾಡಬೇಡಿ, ಮಂಡಿಗೆ ಪೆಟ್ಟು.

ಫಿಸಿಯೋಥೆರಪಿ ಮಾಡುವವಳು, ಮೈಸೂರು

ನಮ್ಮ ಹತ್ತಿರ ಬರುವವರೆಲ್ಲ ‘ನರ ಹಿಡಿದಿದೆ’ ಎನ್ನುತ್ತಾರೆ. ಕನ್ನಡದಲ್ಲಿ ರಕ್ತ ಹರಿಯುವುದೂ ನರ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯೂ ನರ, ಮಿದುಳಿನ ಸುದ್ದಿ ಒಯ್ಯುವುದೂ ನರ. ಇವು ಮೂರೂ ಬೇರೆ. ಅದಕ್ಕೇ ಕೋಚ್‌ಗೆ ಹೆಸರು ಹೇಳುವ ಬದಲು ಹೇಗಿದೆ ಅಂತ ಹೇಳಿ. ಎಳೆತವಾ, ಚುಚ್ಚುತ್ತದೆಯಾ, ಜುಮ್ಮೆನ್ನುತ್ತದೆಯಾ? ಸೊಂಟದಿಂದ ಕಾಲಿಗೆ ಜೋಮು ಇಳಿದರೆ ವ್ಯಾಯಾಮ ಅಲ್ಲಿಗೇ ಬಿಟ್ಟು ಡಾಕ್ಟರಿಗೆ ತೋರಿಸಿ.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗೋಡೆಯ ಹತ್ತಿರ ನಿಂತು ಮಾಡಿದೆ. ಮೊದಲ ಸಲ ಬೆನ್ನು ಬಾಗಿತು, ನಾಲ್ಕನೆಯ ಸಲಕ್ಕೆ ಕೈ ಮಡಿಕೆಯಲ್ಲಿ ಸಿಕ್ಕಿತು! ಇನ್ನೊಂದು ಉಳಿದಿದೆ. ಕೂತು ಮಾಡುವ ಎರಡು ಮೆಷಿನ್ ಮೇಲೆ ಅಬ್ಡಕ್ಷನ್, ಅಡಕ್ಷನ್ ಅಂತ ಇದೆ. ಯಾವುದು ಯಾವುದು?

ಮಂಡ್ಯದಿಂದ, ಜೀವಶಾಸ್ತ್ರ ಪಾಠ ಮಾಡುವವಳು

ಅಬ್ಡಕ್ಷನ್‌ನಲ್ಲಿ ಕಾಲು ಅಗಲಿಸುವುದು, ಕುಂಡಿಯ ಪಕ್ಕ ಗಟ್ಟಿಯಾಗುತ್ತದೆ. ಅಡಕ್ಷನ್‌ನಲ್ಲಿ ಕೂಡಿಸುವುದು, ಒಳತೊಡೆ ಗಟ್ಟಿಯಾಗುತ್ತದೆ. ಕೂತಾಗ ಮೆತ್ತೆ ಮಂಡಿಯ ಹೊರಗಡೆ ಇದ್ದರೆ ಅಗಲಿಸುವ ಮೆಷಿನ್, ಒಳಗಡೆ ಇದ್ದರೆ ಕೂಡಿಸುವುದು.